ಜೇನು ಬಣ್ಣದ ಗಾಜು: ಕೊಡಗಿನ ಓದುಗರ ಪ್ರಶ್ನೆ, ನಮ್ಮ ಉತ್ತರ

ಕಂದು ಸೀಸೆಯ ಬಗ್ಗೆ ಈ ಸಲ ಬಂದ ಕಾಗದಗಳೆಲ್ಲ ಕೊಡಗಿನವು. ಜೇನು, ಮನೆ ವೈನ್, ಕಾಚಂಪುಳಿ (ಅಡುಗೆಗೆ ಬಳಸುವ ಹಣ್ಣಿನ ಕಪ್ಪು ಹುಳಿ) ಎಂದು ಅಲ್ಲಿನ ಮನೆಗಳಲ್ಲಿ ಸೀಸೆಗೆ ಬಿಡುವೇ ಇಲ್ಲ. ಹೆಚ್ಚಿನ ಪ್ರಶ್ನೆಗಳ ಹಿಂದೆ ಇರುವುದು ಒಂದೇ ನಂಬಿಕೆ: ತುಕ್ಕಿನ ಬಣ್ಣ ಕಂದು, ಹಾಗಾಗಿ ಗಾಜಿಗೆ ತುಕ್ಕು ಬೆರೆಸಿದರೆ ಗಾಜೂ ಕಂದಾಗುತ್ತದೆ ಎನ್ನುವುದು. ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಕೆಳಗಿದೆ. ಗಾಜಿನವರು ಈ ಬಣ್ಣವನ್ನು ‘ಅಂಬರ್’ ಎನ್ನುತ್ತಾರೆ. ಆಕಾಶದ ಅಂಬರಕ್ಕೂ ಇದಕ್ಕೂ ನಂಟಿಲ್ಲ, ಮರದ ಅಂಟು ಕೋಟ್ಯಂತರ ವರ್ಷ ಮಣ್ಣಿನಡಿ ಇದ್ದು ಕಲ್ಲಿನಂತಾದಾಗ ಬರುವ ಬಣ್ಣದ ಹೆಸರು ಅದು.

ಪ್ರಶ್ನೆ: ಅಂಬರ್ ಸೀಸೆಗೆ ಕಬ್ಬಿಣದ ಆಕ್ಸೈಡ್ ಹಾಕುತ್ತಾರಂತೆ. ಜೇನು ಹುಳಿ ಗುಣದ್ದು. ಅದರಲ್ಲಿ ತುಂಬಿಟ್ಟರೆ ಜೇನಿಗೆ ಕಬ್ಬಿಣ ಇಳಿಯುವುದಿಲ್ಲವೇ? ತುಡುವೆ ಜೇನನ್ನು ಬಿಳಿ ಸೀಸೆಯಲ್ಲಿ ಮಾರುವುದೋ, ಕಂದು ಸೀಸೆಯಲ್ಲೋ?
– ಜೇನು ಕೃಷಿಕರು, ಭಾಗಮಂಡಲ

ಇಳಿಯುವುದಿಲ್ಲ. ಅಂಬರ್ ಸೀಸೆಯಲ್ಲಿ ಕಬ್ಬಿಣದ ಆಕ್ಸೈಡ್ ಇರುವುದು ನೂರಕ್ಕೆ 0.2ರಿಂದ 0.3 ಭಾಗ ಮಾತ್ರ. ಅದೂ ಪುಡಿಯಾಗಿ ಅಂಟಿಕೊಂಡಿರುವುದಲ್ಲ, ಗಾಜಿನ ಹೆಣಿಗೆಯೊಳಗೆ ಕರಗಿ ಸೇರಿಹೋಗಿರುತ್ತದೆ. ಜೇನಿನ ಹುಳಿಗೆ ಅದನ್ನು ಎಳೆದು ತೆಗೆಯುವ ಶಕ್ತಿಯಿಲ್ಲ. ನಿಮ್ಮ ಜೇನಿಗೆ ಕಬ್ಬಿಣದ ರುಚಿ ಬಂದಿದ್ದರೆ ತವರದ ಡಬ್ಬಿಯ ಸಿಪ್ಪೆ ಎದ್ದ ಮೂಲೆಯನ್ನೋ, ತುಕ್ಕು ಹಿಡಿದ ಮುಚ್ಚಳದ ಒಳಭಾಗವನ್ನೋ ನೋಡಿ. ಸಾಮಾನ್ಯವಾಗಿ ಕಳ್ಳ ಅಲ್ಲೇ ಸಿಗುತ್ತಾನೆ.

ಬಿಳಿಯೋ ಕಂದೋ ಎಂಬುದಕ್ಕೆ ಬರೋಣ. ಜೇನಿಗೆ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ ಕೊಡುವ ಕಿಣ್ವಗಳಲ್ಲಿ ಒಂದಾದ ಗ್ಲೂಕೋಸ್ ಆಕ್ಸಿಡೇಸ್ ಬೆಳಕಿಗೆ ಹಾಳಾಗುತ್ತದೆ. ಅಷ್ಟರ ಮಟ್ಟಿಗೆ ಅಂಬರ್ ಒಳ್ಳೆಯದು. ಆದರೆ ಜೇನನ್ನು ಹೆಚ್ಚು ಕೆಡಿಸುವುದು ಬೆಳಕಲ್ಲ, ಬಿಸಿ. ಮಾಡಿನ ಶೀಟಿನ ಕೆಳಗೆ ಬೇಸಗೆಯಿಡೀ ಇಟ್ಟ ಜೇನನ್ನು ಯಾವ ಸೀಸೆಯೂ ಕಾಯುವುದಿಲ್ಲ. ಕೊಳ್ಳುವವರಿಗೆ ಜೇನಿನ ಬಣ್ಣ ಕಾಣಬೇಕು. ಹಾಗಾಗಿ ಬಿಳಿ ಸೀಸೆಯಲ್ಲಿ ತುಂಬಿ ರಟ್ಟಿನ ಪೆಟ್ಟಿಗೆಯೊಳಗೆ ಇಡಿ, ಅಂಗಡಿಯ ಕಿಟಕಿಯಲ್ಲಿ ಸಾಲಾಗಿ ಜೋಡಿಸಬೇಡಿ. ಜೇನಿನ ತೂಕ ನೀರಿನ 1.4 ಪಟ್ಟು. ಅರ್ಧ ಕಿಲೋಗೆ ಸುಮಾರು 350 ಮಿ.ಲೀ. ಜಾಗ ಬೇಕು, ಕತ್ತಿನ ಬಳಿ ಖಾಲಿ ಜಾಗ ಸೇರಿಸಿ 370ರಿಂದ 400 ಮಿ.ಲೀ. ಸೀಸೆ ಕೊಳ್ಳಿ.

ಪ್ರಶ್ನೆ: ಹೈಸ್ಕೂಲು ಮಕ್ಕಳಿಗೆ ವಿವರಿಸಬೇಕಿದೆ. ಹಸಿರು ಸೀಸೆಗೂ ಕಬ್ಬಿಣ, ಕಂದು ಸೀಸೆಗೂ ಕಬ್ಬಿಣ ಎಂದು ಓದಿದೆ. ಒಂದೇ ಲೋಹ ಎರಡು ಬಣ್ಣ ಹೇಗೆ ಕೊಡುತ್ತದೆ? ನಿಜವಾದ ಕುಲುಮೆಯಲ್ಲಿ ಎಷ್ಟೆಷ್ಟು ಹಾಕುತ್ತಾರೆ?
– ವಿಜ್ಞಾನ ಶಿಕ್ಷಕಿ, ಸೋಮವಾರಪೇಟೆ

ಗಾಜಿನೊಳಗೆ ಕಬ್ಬಿಣ ಎರಡು ರೂಪದಲ್ಲಿರುತ್ತದೆ. ಆಮ್ಲಜನಕ ಕಡಿಮೆ ಸಿಕ್ಕಿದ್ದು ಫೆರಸ್. ಇದು ಕೆಂಪಿನ ತುದಿಯನ್ನೂ ಅದರಾಚೆಯ ಶಾಖದ ಕಿರಣಗಳನ್ನೂ ಹೀರಿ ಗಾಜಿಗೆ ನೀಲಿ ಛಾಯೆ ಕೊಡುತ್ತದೆ. ಆಮ್ಲಜನಕ ಧಾರಾಳವಾಗಿ ಸಿಕ್ಕಿದ್ದು ಫೆರಿಕ್. ಇದು ನೇರಳೆಯ ಕಡೆಯಿಂದ ಸ್ವಲ್ಪವೇ ಹೀರಿ ತೆಳು ಹಳದಿ ಕೊಡುತ್ತದೆ. ನೀಲಿಯೂ ಹಳದಿಯೂ ಕೂಡಿದರೆ ಹಸಿರು. ಹಳೆಯ ಕಿಟಕಿ ಗಾಜಿನ ಅಂಚು ಹಸಿರಾಗಿ ಕಾಣುವುದು ಇದರಿಂದಲೇ. ಈ ಲೆಕ್ಕದಲ್ಲಿ ಎಲ್ಲೂ ಕಂದು ಬರಲಿಲ್ಲ, ಗಮನಿಸಿ.

ಕಂದು ಬರಬೇಕಾದರೆ ಗಂಧಕ ಸೇರಬೇಕು. ಫೆರಿಕ್ ಕಬ್ಬಿಣದ ಸುತ್ತ ಸಾಮಾನ್ಯವಾಗಿ ನಾಲ್ಕು ಆಮ್ಲಜನಕ ಇರುತ್ತವೆ. ಅವುಗಳಲ್ಲಿ ಒಂದರ ಜಾಗಕ್ಕೆ ಸಲ್ಫೈಡ್ ರೂಪದ ಗಂಧಕ ಬಂದು ಕೂತರೆ ಆ ಜೋಡಿ ನೇರಳೆ ಮತ್ತು ನೀಲಿ ಬೆಳಕನ್ನು, 410-425 ನ್ಯಾನೊಮೀಟರ್ ಅಲೆಯುದ್ದದ ಸುತ್ತ, ಗಬಗಬ ನುಂಗಿಬಿಡುತ್ತದೆ. ಉಳಿದು ಹೊರಬರುವ ಬೆಳಕು ಜೇನು ಬಣ್ಣದ್ದು. ಬರೀ ಕಬ್ಬಿಣಕ್ಕೆ ಹೋಲಿಸಿದರೆ ಈ ಜೋಡಿಯ ಬಣ್ಣ ಹಾಕುವ ಶಕ್ತಿ ಬಹಳ ಹೆಚ್ಚು. ಅದಕ್ಕೇ 0.25 ಭಾಗ ಸಾಕಾಗುವುದು.

ಕಷ್ಟ ಇರುವುದು ಇಲ್ಲಿ. ಕಬ್ಬಿಣ ಫೆರಿಕ್ ಆಗಿರಲು ಆಮ್ಲಜನಕ ಬೇಕು, ಗಂಧಕ ಸಲ್ಫೈಡ್ ಆಗಿರಲು ಆಮ್ಲಜನಕ ಬೇಡ. ಒಂದೇ ಕರಗಿದ ಗಾಜಿನಲ್ಲಿ ಇವೆರಡನ್ನೂ ಒಟ್ಟಿಗೆ ಇಡುವುದು ಹಾವು-ಮುಂಗುಸಿಯನ್ನು ಒಂದೇ ಬುಟ್ಟಿಯಲ್ಲಿ ಸಾಕಿದಂತೆ. ಒಳ್ಳೆಯ ಅಂಬರ್ ಗಾಜಿನಲ್ಲೂ ಕಬ್ಬಿಣದ ಬಹುಭಾಗ ಫೆರಸ್ ಆಗಿಯೇ ಇರುತ್ತದೆ, ಉಳಿದ ಸ್ವಲ್ಪ ಫೆರಿಕ್ಕೇ ಎಲ್ಲ ಕೆಲಸ ಮಾಡುವುದು. ಗಾಳಿ ಹೆಚ್ಚಾದರೆ ಸಲ್ಫೈಡ್ ಉರಿದುಹೋಗಿ ಗಾಜು ಹಸಿರಿಗೆ ತಿರುಗುತ್ತದೆ. ಆಮ್ಲಜನಕ ತಗ್ಗಿಸಲು ಹಾಕುವ ಇದ್ದಿಲು ಅತಿಯಾದರೆ ಫೆರಿಕ್ ಅಷ್ಟೂ ಫೆರಸ್ ಆಗಿ ಕಂದು ಮತ್ತೆ ಸೊರಗುತ್ತದೆ. ಈ ಎರಡು ತಪ್ಪುಗಳ ನಡುವಿನ ಗಲ್ಲಿ ಕಿರಿದು.

ಈಗ ತಕ್ಕಡಿ. ಸುಮಾರು 100 ಕಿಲೋ ಗಾಜಿಗೆ ಮರಳು 70 ಕಿಲೋ, ಸೋಡಾ ಆಶ್ 23, ಸುಣ್ಣಕಲ್ಲು 19, ಫೆಲ್ಡ್‌ಸ್ಪಾರ್ 6. ಕೂಡಿದರೆ 118. ಸೋಡಾ ಮತ್ತು ಸುಣ್ಣಕಲ್ಲಿನಿಂದ ಸುಮಾರು 18 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಕಬ್ಬಿಣದ ಆಕ್ಸೈಡ್ 0.25 ಭಾಗ ಬೇಕೆಂದರೆ ಒಟ್ಟು 250 ಗ್ರಾಂ. ಮರಳಿನಲ್ಲೇ 0.1 ಭಾಗ ಇದೆ ಎಂದಿಟ್ಟುಕೊಂಡರೆ 70 ಗ್ರಾಂ ಪುಕ್ಕಟೆ ಬಂತು. ಉಳಿದ 180 ಗ್ರಾಂ ನಾವು ಕೊಡಬೇಕು. ಕಬ್ಬಿಣದ ಪೈರೈಟ್ ಹಾಕಿದರೆ ಕಬ್ಬಿಣವೂ ಗಂಧಕವೂ ಒಟ್ಟಿಗೆ ಬರುತ್ತವೆ. 120 ಗ್ರಾಂ ಪೈರೈಟ್‌ನಿಂದ 80 ಗ್ರಾಂ ಆಕ್ಸೈಡ್ ಸಿಗುವುದರಿಂದ 180 ಗ್ರಾಂಗೆ 270 ಗ್ರಾಂ ಪೈರೈಟ್. ಅದರಲ್ಲಿ ಗಂಧಕವೇ ಸುಮಾರು 144 ಗ್ರಾಂ. ಗಾಜಿನಲ್ಲಿ ಸಲ್ಫೈಡ್ ಆಗಿ ಕೊನೆಗೆ ಉಳಿಯುವುದು 20ರಿಂದ 50 ಗ್ರಾಂ, ಮಿಕ್ಕಿದ್ದು ಹೊಗೆಗೂಡಿನಲ್ಲಿ ಸಲ್ಫರ್ ಡೈಆಕ್ಸೈಡ್. ಜೊತೆಗೆ 100 ಗ್ರಾಂ ಆಸುಪಾಸು ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇದ್ದಿಲು) ಪುಡಿ, ಸಲ್ಫೈಡನ್ನು ಕಾಯಲು. ಈ ಕೊನೆಯ ಅಂಕಿಯನ್ನು ಪ್ರತಿ ಕಾರ್ಖಾನೆಯೂ ತನ್ನ ಕುಲುಮೆಯ ಗಾಳಿಗೆ ತಕ್ಕಂತೆ ತಿದ್ದಿಕೊಳ್ಳುತ್ತದೆ. ಕರಗಿಸುವ ಬಿಸಿ 1500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ.

ಇದ್ದಿಲು ಹಾಕುವುದರಿಂದ ಇದಕ್ಕೆ ‘ಕಾರ್ಬನ್ ಅಂಬರ್’ ಎಂಬ ಹೆಸರು ಅಂಟಿಕೊಂಡಿತು, ಇದ್ದಿಲೇ ಬಣ್ಣ ಕೊಡುತ್ತದೆ ಎಂದು ಬಹಳ ಕಾಲ ನಂಬಿದ್ದರು. 1860ರ ದಶಕದಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪೆಲೂಜ್, ಗಂಧಕವಿಲ್ಲದ ಶುದ್ಧ ಸಾಮಗ್ರಿಗೆ ಇದ್ದಿಲು ಬೆರೆಸಿದರೆ ಈ ಬಣ್ಣ ಬರುವುದಿಲ್ಲ ಎಂದು ತೋರಿಸಿದ. ಹೆಸರು ಮಾತ್ರ ಹಾಗೇ ಉಳಿದಿದೆ. ಮಕ್ಕಳಿಗೆ ಹೇಳುವಾಗ ಇಷ್ಟು ಹೇಳಿ: ಇದ್ದಿಲು ಬಣ್ಣ ಹಚ್ಚುವವನಲ್ಲ, ಕಾವಲುಗಾರ.

ಪ್ರಶ್ನೆ: ಪ್ರಯೋಗಾಲಯದಲ್ಲಿ ಬಿಳಿಗಾರದ (ಬೋರಾಕ್ಸ್) ಮಣಿಗೆ ಅನ್ನಭೇದಿ (ಫೆರಸ್ ಸಲ್ಫೇಟ್) ಸೋಕಿಸಿ ಕಾಯಿಸಿದೆ. ಒಮ್ಮೆ ಹಳದಿ, ಒಮ್ಮೆ ಸೀಸೆ ಹಸಿರು. ಅನ್ನಭೇದಿಯಲ್ಲಿ ಕಬ್ಬಿಣವೂ ಇದೆ, ಗಂಧಕವೂ ಇದೆ. ಮತ್ತೇಕೆ ಅಂಬರ್ ಬರಲಿಲ್ಲ?
– ಪಿಯುಸಿ ವಿದ್ಯಾರ್ಥಿ, ವಿರಾಜಪೇಟೆ

ಒಳ್ಳೆಯ ಪ್ರಶ್ನೆ, ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರ ಸಿಗುವುದು ಕಷ್ಟ. ನಿಮ್ಮ ಪ್ರಯೋಗ ಸರಿಯಾಗಿಯೇ ಆಗಿದೆ. ಜ್ವಾಲೆಯ ಹೊರಭಾಗದಲ್ಲಿ ಕಬ್ಬಿಣ ಫೆರಿಕ್ ಆಗಿ ಬಿಸಿಯಲ್ಲಿ ಹಳದಿ-ಕಂದು, ಆರಿದ ಮೇಲೆ ತೆಳು ಹಳದಿ. ಒಳಭಾಗದಲ್ಲಿ ಫೆರಸ್ ಆಗಿ ಹಸಿರು. ಬಿಸಿಯಲ್ಲಿ ಕಂಡ ಕಂದನ್ನೇ ಅಂಬರ್ ಎಂದುಕೊಂಡು ಖುಷಿಪಡುವವರಿದ್ದಾರೆ, ಆರಿದ ಮೇಲೆ ನೋಡಬೇಕು.

ಅನ್ನಭೇದಿಯ ಗಂಧಕ ಇರುವುದು ಆಮ್ಲಜನಕ ಕೂಡಿದ ಸಲ್ಫೇಟ್ ರೂಪದಲ್ಲಿ, ಅಂಬರ್‌ಗೆ ಬೇಕಾದದ್ದು ಸಲ್ಫೈಡ್. ಬಿಳಿಗಾರದ ಗಾಜು ಆಮ್ಲ ಸ್ವಭಾವದ್ದು, ಗಂಧಕವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಕಾಯಿಸಿದೊಡನೆ ಅದು ಹೊರಟುಹೋಗುತ್ತದೆ. ಇಂಜೆಕ್ಷನ್ ಮದ್ದಿನ ಕಂದು ಶೀಶೆಗಳಿಗೂ ಇದೇ ತೊಡಕು. ಅವು ಬೋರಾನ್ ಸೇರಿದ ಬೋರೋಸಿಲಿಕೇಟ್ ಗಾಜಿನವು, ಗಂಧಕದ ಅಂಬರ್ ಅಲ್ಲಿ ನಿಲ್ಲದು. ಆದ್ದರಿಂದ ಅಲ್ಲಿ ಕಬ್ಬಿಣದ ಜೊತೆ ಟೈಟಾನಿಯಂ ಅಥವಾ ಮ್ಯಾಂಗನೀಸ್ ಆಕ್ಸೈಡ್ ಬಳಸುತ್ತಾರೆ. ಕೆಮ್ಮಿನ ಸಿರಪ್ಪಿನ ಸೀಸೆ, ಇಂಜೆಕ್ಷನ್ ಶೀಶೆ ಎರಡೂ ಕಂದು. ಆದರೆ ಒಳಗಿನ ರಸಾಯನ ಬೇರೆ ಬೇರೆ.

ಗಂಧಕದ ಕಂದು ನೋಡಲೇಬೇಕೆಂದರೆ ಬಿಳಿಗಾರ ಬಿಟ್ಟು ಸೋಡಾ ಹಿಡಿಯಿರಿ. ಇದ್ದಿಲ ತುಂಡಿನ ಕುಳಿಯಲ್ಲಿ ಸೋಡಿಯಂ ಕಾರ್ಬೊನೇಟ್, ನುಣ್ಣನೆ ಮರಳಿನ ಪುಡಿ ಸೇರಿಸಿ ಊದುಕೊಳವೆಯ ಜ್ವಾಲೆಯಲ್ಲಿ ಕರಗಿಸಿ ಮಣಿ ಮಾಡಿ. ಚಿಟಿಕೆಯ ಹತ್ತನೇ ಒಂದು ಭಾಗದಷ್ಟು ಸೋಡಿಯಂ ಸಲ್ಫೇಟ್ ಸೇರಿಸಿ ಜ್ವಾಲೆಯ ಒಳಭಾಗದಲ್ಲಿ ಮತ್ತೆ ಕಾಯಿಸಿ. ಮಣಿ ಹಳದಿಯಿಂದ ಕಂದಿಗೆ ತಿರುಗುತ್ತದೆ. ಉಪನ್ಯಾಸಕರ ಎದುರಿಗೆ, ಹೊಗೆ ಹೊರಹೋಗುವ ಕಪಾಟಿನೊಳಗೇ ಮಾಡಿ. ಬರುವ ಗಂಧಕದ ಹೊಗೆ ಎದೆಗೆ ಒಳ್ಳೆಯದಲ್ಲ.

ಪ್ರಶ್ನೆ: ಕಾಚಂಪುಳಿ ಇಡಲು ಅಂಬರ್ ಸೀಸೆಯೇ ಆಗಬೇಕೇ?
– ಗೃಹಿಣಿ, ಪೊನ್ನಂಪೇಟೆ

ಬೇಡ. ಕಾಚಂಪುಳಿಯೇ ಟಾರಿನಷ್ಟು ಕಪ್ಪು, ಅದಕ್ಕೆ ಸೀಸೆಯ ಬಣ್ಣದ ಹಂಗಿಲ್ಲ. ನೋಡಬೇಕಾದದ್ದು ಮುಚ್ಚಳ. ಅಷ್ಟು ಹುಳಿಗೆ ತಗಡಿನ ಮುಚ್ಚಳ ತಿಂದುಹೋಗುತ್ತದೆ, ಪ್ಲಾಸ್ಟಿಕ್ ಮುಚ್ಚಳ ಅಥವಾ ಬಿರಡೆ ಹಾಕಿ.

ಪ್ರಶ್ನೆ: ಮನೆಯಲ್ಲಿ ದ್ರಾಕ್ಷಿ, ಪ್ಯಾಶನ್ ಫ್ರೂಟ್ ವೈನ್ ಮಾಡುತ್ತೇವೆ. ಬಿಳಿ ಸೀಸೆಯಲ್ಲಿ ಷೋಕೇಸಿನಲ್ಲಿಟ್ಟ ಪ್ಯಾಶನ್ ಫ್ರೂಟ್ ವೈನ್ ಎಲೆಕೋಸಿನ ವಾಸನೆ ಬಂತು, ಕತ್ತಲಲ್ಲಿಟ್ಟದ್ದು ಚೆನ್ನಾಗಿದೆ. ಹಳೆಯ ಬಿಯರ್ ಸೀಸೆ ಬಳಸಬಹುದೇ? ಹಸಿರು ಸೀಸೆ ಆಗುತ್ತದೆಯೇ?
– ಓದುಗರು, ಗೋಣಿಕೊಪ್ಪಲು

ಅದು ಬೆಳಕಿನ ಹೊಡೆತ. ಹುದುಗಿದ ಹಣ್ಣಿನ ರಸದಲ್ಲಿ ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ವ, ಇರುತ್ತದೆ. 370 ಮತ್ತು 440 ನ್ಯಾನೊಮೀಟರ್ ಸುತ್ತಲಿನ ಬೆಳಕು ಬಿದ್ದರೆ ಅದು ಕೆರಳಿ ಮೆಥಿಯೋನಿನ್ ಎಂಬ ಗಂಧಕದ ಅಮೈನೋ ಆಮ್ಲವನ್ನು ಒಡೆಯುತ್ತದೆ. ಎಲೆಕೋಸಿನ ವಾಸನೆ ಬರುವುದು ಅದರಿಂದ. ಕೆಂಪು ದ್ರಾಕ್ಷಿಯ ವೈನಿಗೆ ಅದರ ಒಗರೇ ಸ್ವಲ್ಪ ರಕ್ಷಣೆ. ತೆಳು ಬಣ್ಣದ ವೈನ್‌ಗೆ ಆ ಭಾಗ್ಯವಿಲ್ಲ. ಷೋಕೇಸಿನ ಟ್ಯೂಬ್‌ಲೈಟೂ ಸಾಕು, ಬಿಸಿಲೇ ಬೇಕೆಂದಿಲ್ಲ.

ಅಂಬರ್ ಗಾಜು ನುಂಗುವುದು ಸರಿಯಾಗಿ ಈ ಭಾಗವನ್ನೇ. ಬೆಳಕಿಗೆ ಕೆಡುವ, ಕುಡಿಯುವ ಅಥವಾ ಮೈಗೆ ಹಚ್ಚುವ ಮದ್ದುಗಳ ಸೀಸೆಗೆ ಅಮೆರಿಕದ ಔಷಧ ಸಂಹಿತೆ ಇಟ್ಟಿರುವ ಅಳತೆಯೂ ಇದೇ: 290ರಿಂದ 450 ನ್ಯಾನೊಮೀಟರ್‌ವರೆಗೆ ಎಲ್ಲೂ ನೂರಕ್ಕೆ 10ಕ್ಕಿಂತ ಹೆಚ್ಚು ಬೆಳಕು ದಾಟಬಾರದು. ಈಗಿನ ಹಸಿರು ಸೀಸೆಗೆ ಗಾಢ ಬಣ್ಣ ಕೊಡುವುದು ಹೆಚ್ಚಾಗಿ ಬರೀ ಕಬ್ಬಿಣವಲ್ಲ, ಕ್ರೋಮಿಯಂ ಆಕ್ಸೈಡ್. ಅದು ನೀಲಿ-ನೇರಳೆಯನ್ನು ಅಂಬರ್‌ನಷ್ಟು ತಡೆಯುವುದಿಲ್ಲ. ಬಿಳಿಗಿಂತ ವಾಸಿ, ಅಷ್ಟೆ.

ಬಿಯರ್ ಸೀಸೆ ಧಾರಾಳವಾಗಿ ಬಳಸಿ. ಬಾಯಿಯ ಅಂಚಿಗೆ ಬೆರಳು ಸವರಿ ನೋಡಿ, ಚಕ್ಕೆ ಎದ್ದದ್ದನ್ನು ಗುಜರಿಗೆ ಹಾಕಿ. ವಾಷಿಂಗ್ ಸೋಡಾ ನೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಲೇಬಲ್ ತಾನಾಗಿ ಬಿಡುತ್ತದೆ. ಮಳೆಗಾಲದಲ್ಲಿ ತಣ್ಣಗಿರುವ ಸೀಸೆಗೆ ಕುದಿನೀರು ಸುರಿಯಬೇಡಿ. ಗಾಜಿಗೂ ನೀರಿಗೂ 40 ಡಿಗ್ರಿಗಿಂತ ಹೆಚ್ಚು ಅಂತರವಾದರೆ ತಳ ಕಳಚಿಬೀಳಬಹುದು. ತಣ್ಣೀರಿನಲ್ಲಿ ಮುಳುಗಿಸಿಟ್ಟು ನಿಧಾನ ಕಾಯಿಸಿ. ಹುದುಗು ಪೂರ್ತಿ ನಿಂತಿದೆಯೇ ಎಂದು ಹೈಡ್ರೋಮೀಟರ್‌ನಲ್ಲಿ (ರಸದ ಸಾಂದ್ರತೆ ಅಳೆಯುವ ಕೊಳವೆ) ನೋಡಿ, ಮೂರು ದಿನ ಅಂಕಿ ಕದಲದಿದ್ದರೆ ಮಾತ್ರ ಬಿಗಿಯಾಗಿ ಮುಚ್ಚಿ. ಅಂಬರ್ ಬಣ್ಣ ಬೆಳಕನ್ನು ತಡೆಯುತ್ತದೆ, ಒಳಗಿನ ಒತ್ತಡವನ್ನಲ್ಲ.

ಪ್ರಶ್ನೆ: ಎಣ್ಣೆ ತುಂಬಲು ಕಂದು ಸೀಸೆ ತರಿಸಿದೆವು. ಅಸಲಿ ಅಂಬರ್ ಗಾಜೋ, ಬಿಳಿ ಗಾಜಿಗೆ ಬಣ್ಣ ಹೊಡೆದದ್ದೋ ಪತ್ತೆ ಮಾಡುವುದು ಹೇಗೆ?
– ಅಂಗಡಿಯವರು, ಮಡಿಕೇರಿ

ಮುಚ್ಚಳ ತೆಗೆದು ಬಾಯಿಯ ತಿರುಪಿನ ಗೆರೆಗಳನ್ನು ನೋಡಿ. ಸ್ಪ್ರೇ ಬಣ್ಣ ಅಲ್ಲಿ ತೆಳುವಾಗಿರುತ್ತದೆ ಅಥವಾ ಇರುವುದೇ ಇಲ್ಲ. ಅಸಲಿಯಲ್ಲಿ ತಳದ ದಪ್ಪ ಗಾಜು ಗೋಡೆಗಿಂತ ಗಾಢವಾಗಿ, ಹೆಚ್ಚುಕಡಿಮೆ ಕಪ್ಪಾಗಿ ಕಾಣಬೇಕು. ತಳವೂ ಗೋಡೆಯೂ ಒಂದೇ ಛಾಯೆಯಾಗಿದ್ದರೆ ಅನುಮಾನಪಡಿ. ಹತ್ತಿಗೆ ಉಗುರುಬಣ್ಣ ತೆಗೆಯುವ ಅಸಿಟೋನ್ ಹಾಕಿ ತಳಕ್ಕೆ ಅರ್ಧ ನಿಮಿಷ ಉಜ್ಜಿ, ಹತ್ತಿ ಕಂದಾದರೆ ಬಣ್ಣ ಹೊಡೆದದ್ದು. ಚೆನ್ನಾಗಿ ಬೇಯಿಸಿದ ಲೇಪ ಅಸಿಟೋನಿಗೂ ಜಗ್ಗದಿರಬಹುದು, ಆಗ ಬೀಗದ ಕೈಯಿಂದ ಗೀರಿ.

ಗಾಜು ಕೆಲಸ ಮಾಡುತ್ತದೆಯೇ ಎನ್ನುವುದಕ್ಕೆ ಇನ್ನೊಂದು ಪರೀಕ್ಷೆ. ಖೋಟಾ ನೋಟು ಹಿಡಿಯುವ ನೇರಳೆ ಟಾರ್ಚನ್ನು ಕತ್ತಲಲ್ಲಿ ಬಿಳಿ ಹಾಳೆಯ ಮೇಲೆ ಬಿಡಿ, ಹಾಳೆ ನೀಲಿಯಾಗಿ ಹೊಳೆಯುತ್ತದೆ. ಟಾರ್ಚಿಗೂ ಹಾಳೆಗೂ ನಡುವೆ ಸೀಸೆ ಹಿಡಿಯಿರಿ. ಒಳ್ಳೆಯ ಅಂಬರ್ ಆದರೆ ಹೊಳಪು ಆರಿಹೋಗುತ್ತದೆ. ನೀಲಿ ಇನ್ನೂ ಚೆನ್ನಾಗಿ ಕಾಣುತ್ತಿದ್ದರೆ ಆ ಸೀಸೆ ನೋಟಕ್ಕೆ ಮಾತ್ರ ಕಂದು.

ಪ್ರಶ್ನೆ: ಎಲೆಕ್ಟ್ರಿಕ್ ಕಿಲ್ನ್‌ನಲ್ಲಿ 1220 ಡಿಗ್ರಿಗೆ ಸುಡುತ್ತೇನೆ. ಪಾರದರ್ಶಕ ಗ್ಲೇಜ್‌ಗೆ ಕೆಂಪು ಕಬ್ಬಿಣದ ಆಕ್ಸೈಡ್ ಬೆರೆಸಿ ಜೇನು ಬಣ್ಣಕ್ಕೆ ಪ್ರಯತ್ನಿಸಿದರೆ ಒಮ್ಮೆ ಮಂಕು, ಒಮ್ಮೆ ಕಪ್ಪು, ಕೆಲವೊಮ್ಮೆ ಗುಳ್ಳೆ. ನಮ್ಮ ತೋಟದ ಕೆಂಪು ಜಂಬಿಟ್ಟಿಗೆ ಮಣ್ಣನ್ನೇ ಬಳಸಬಹುದೇ?
– ಕುಂಬಾರಿಕೆ ಕಲಾವಿದೆ, ಸುಂಟಿಕೊಪ್ಪ

ಮಣ್ಣಿನ ಪಾತ್ರೆಗೆ ಹೊಳಪು ಕೊಡುವ ಗ್ಲೇಜ್ ಕೂಡ ಗಾಜೇ. ಆದರೆ ನಿಮ್ಮ ಕಿಲ್ನ್‌ನಲ್ಲಿ ಗಾಳಿ ಧಾರಾಳ, ಗಂಧಕದ ಸಹಾಯ ಇಲ್ಲ. ಹಾಗಾಗಿ ಬರೀ ಫೆರಿಕ್‌ನಿಂದಲೇ ಬಣ್ಣ ತೆಗೆಯಬೇಕು. ಅದಕ್ಕೇ ಸೀಸೆಗೆ 0.25 ಸಾಕಾದದ್ದು ನಿಮಗೆ ಅದರ ಇಪ್ಪತ್ತು ಪಟ್ಟು ಬೇಕಾಗುವುದು.

100 ಗ್ರಾಂ ಒಣ ಗ್ಲೇಜ್‌ಗೆ 2, 4, 6, 8, 10 ಗ್ರಾಂ ಎಂದು ಐದು ಬಿಲ್ಲೆ ಮಾಡಿ. 2ಕ್ಕೆ ಹುಲ್ಲಿನ ಹಳದಿ, 4ಕ್ಕೆ ತುಡುವೆ ಜೇನು, 6-8ಕ್ಕೆ ಹಳೆಯ ಬೆಲ್ಲದ ಪಾಕ. 10ಕ್ಕೆ ಬಂದಾಗ ಗಾಜು ಅಷ್ಟು ಕಬ್ಬಿಣವನ್ನು ಕರಗಿಸಿಕೊಳ್ಳಲಾರದೆ ಕಪ್ಪಿಗೆ ಇಳಿಯುತ್ತದೆ. ನಿಮ್ಮ ಕಪ್ಪು ಬಂದದ್ದು ಹೀಗೆ, ಅಥವಾ ಗ್ಲೇಜ್ ದಪ್ಪವಾಗಿ. ಒಂದೇ ಬಿಲ್ಲೆಯ ಅರ್ಧಕ್ಕೆ ಒಂದು ಸಲ, ಉಳಿದರ್ಧಕ್ಕೆ ಎರಡು ಸಲ ಅದ್ದಿ ನೋಡಿ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಆಕ್ಸೈಡನ್ನು ನೇರ ಬಕೆಟ್ಟಿಗೆ ಸುರಿಯಬೇಡಿ. ಸ್ವಲ್ಪ ನೀರಿನಲ್ಲಿ ಕಲಸಿ 100 ಮೆಷ್ ಜರಡಿಯಲ್ಲಿ ಸೋಸಿ ಸೇರಿಸಿ, ಇಲ್ಲದಿದ್ದರೆ ಕಪ್ಪು ಚುಕ್ಕೆ ಗ್ಯಾರಂಟಿ.

ಮಂಕು ಬರುವುದಕ್ಕೆ ಮೂಲ ಗ್ಲೇಜ್‌ನ ರಚನೆ ನೋಡಿ. ಸತು, ತವರ, ಟೈಟಾನಿಯಂ ಇದ್ದರೆ ಕಬ್ಬಿಣದ ಬಣ್ಣ ಕೊಳಕಾಗುತ್ತದೆ ಅಥವಾ ಹಾಲಿನಂತಾಗುತ್ತದೆ. ಗುಳ್ಳೆಗೆ ಕಾರಣ ಬಿಸಿ. ಫೆರಿಕ್ ಆಕ್ಸೈಡ್ 1230 ಡಿಗ್ರಿ ಆಸುಪಾಸಿನಲ್ಲಿ ತಾನೇ ಆಮ್ಲಜನಕ ಬಿಡಲು ತೊಡಗುತ್ತದೆ. ಕಿಲ್ನ್‌ನ ಮೀಟರು 1220 ತೋರಿಸುತ್ತಿದ್ದರೂ ತಂತಿಯ ಪಕ್ಕದ ಮೂಲೆ 15-20 ಡಿಗ್ರಿ ಹೆಚ್ಚಿರಬಹುದು. ಗುಳ್ಳೆ ಯಾವ ಮೂಲೆಯ ಪಾತ್ರೆಗೆ ಬಂತು ಎಂದು ಗುರುತು ಹಾಕಿಕೊಳ್ಳಿ. 1200ಕ್ಕೆ ಇಳಿಸಿ, ಅಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿ ನೋಡಿ. ಸೀಸ ಹಾಕಿದರೆ ಜೇನು ಬಣ್ಣ ಅದ್ಭುತವಾಗಿ ಬರುತ್ತದೆ ಎಂದು ಯಾರಾದರೂ ಹೇಳಿಯಾರು. ನಿಜವೇ, ಆದರೆ ಊಟದ ಪಾತ್ರೆಗೆ ಸೀಸ ಕೂಡದು.

ಜಂಬಿಟ್ಟಿಗೆ ಮಣ್ಣು ಖಂಡಿತ ಬಳಸಿ, ಬಣ್ಣ ಅಂಗಡಿಯ ಆಕ್ಸೈಡ್‌ಗಿಂತ ಜೀವಂತವಾಗಿ ಬರುತ್ತದೆ ಎಂಬುದು ನಮ್ಮ ಅಭಿಪ್ರಾಯ. ನೀರಿನಲ್ಲಿ ಎರಡು ದಿನ ನೆನೆಸಿ, ಕಲಕಿ, ಮರಳು ಕೆಳಗಿಳಿದ ಮೇಲೆ ಮೇಲಿನ ಕೆಂಪು ನೀರನ್ನು ಬಗ್ಗಿಸಿ, ಸೋಸಿ, ಒಣಗಿಸಿ. ಅದರಲ್ಲಿ ಕಬ್ಬಿಣದ ಜೊತೆ ಅಲ್ಯುಮಿನಾ ಬಹಳ. ಗ್ಲೇಜ್ ಗಟ್ಟಿಯಾಗಿ ಹರಿಯದೆ ನಿಂತುಬಿಡಬಹುದು. 100ಕ್ಕೆ 5, 10, 20 ಗ್ರಾಂ ಹೀಗೆ ಏರಿಸಿ. ಒಣಗುವಾಗ ಗ್ಲೇಜ್ ಬಿರಿದು ಸುಟ್ಟ ಮೇಲೆ ಮುದ್ದೆಗಟ್ಟಿದರೆ ಆ ಮಣ್ಣನ್ನು ಮೊದಲು 800 ಡಿಗ್ರಿಗೆ ಒಮ್ಮೆ ಸುಟ್ಟು ಪುಡಿಮಾಡಿ. ತೋಟದ ಒಂದು ಮೂಲೆಯ ಮಣ್ಣಿಗೂ ಇನ್ನೊಂದಕ್ಕೂ ಕಬ್ಬಿಣ ಒಂದೇ ಇರುವುದಿಲ್ಲ. ಒಳ್ಳೆಯದು ಸಿಕ್ಕಿದ ಜಾಗದಿಂದ ಒಮ್ಮೆಗೇ ಎರಡು ಬಕೆಟ್ ತೆಗೆದಿಡಿ.

ಪ್ರಶ್ನೆ: ನಮ್ಮ ಹಳೆಯ ಮನೆಯ ಜಗಲಿ ಕಿಟಕಿಯಲ್ಲಿ ಹಳದಿ-ಕಂದು ಗಾಜಿನ ಚೌಕಗಳಿವೆ. ಒಂದು ಒಡೆಯಿತು. ಪೇಟೆಯಿಂದ ತಂದ ‘ಬ್ರಾಂಜ್’ ಗಾಜು ಹಾಕಿದರೆ ಹೊಗೆ ಬಣ್ಣ ಕಾಣುತ್ತದೆ, ಹೊಂದುವುದಿಲ್ಲ. ಚರ್ಚ್ ಕಿಟಕಿಗಳ ಹೊನ್ನಿನ ಹಳದಿಯೂ ಇದೇ ಗಾಜೇ?
– ಓದುಗರು, ನಾಪೋಕ್ಲು

ಬ್ರಾಂಜ್ ಗಾಜಿನಲ್ಲಿರುವುದು ಕಬ್ಬಿಣ, ಸೆಲೆನಿಯಂ, ಲೇಶ ಕೋಬಾಲ್ಟ್. ಕೋಣೆಯ ಬಿಸಿಲು ತಗ್ಗಿಸಲು ಮಾಡಿದ್ದು, ಹಾಗಾಗಿ ಎಲ್ಲ ಬಣ್ಣದಿಂದಲೂ ಸ್ವಲ್ಪ ಸ್ವಲ್ಪ ಕದಿಯುತ್ತದೆ. ಅಂಬರ್ ನೀಲಿಯನ್ನು ಮಾತ್ರ ಕದಿಯುತ್ತದೆ. ಇವೆರಡು ಎಂದೂ ಹೊಂದುವುದಿಲ್ಲ, ಆ ದುಡ್ಡು ಹೋಯಿತು ಎಂದುಕೊಳ್ಳಿ.

ಒಡೆದ ಚೂರನ್ನು ಎಸೆದಿಲ್ಲ ತಾನೆ? ಅದರ ಅಂಚನ್ನು ನೋಡಿ. ದಪ್ಪದುದ್ದಕ್ಕೂ ಕಂದಿದ್ದರೆ ಕರಗಿಸುವಾಗಲೇ ಬಣ್ಣ ಹಾಕಿದ ಗಾಜು. ಚೂರನ್ನೇ ಮಾದರಿಯಾಗಿ ಕೊಂಡೊಯ್ದು ಬಣ್ಣದ ಗಾಜಿನ ಕಲಾಕೃತಿ ಮಾಡುವವರಲ್ಲಿ ಅಂಬರ್ ರೋಲ್ಡ್ ಗಾಜು ಕೇಳಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗಲ್ಲ, ಹೊರಗೆ ಆಕಾಶಕ್ಕೆ ಹಿಡಿದು ಹೋಲಿಸಿ. ಒಂದು ಮೈಯಲ್ಲಿ ಮಾತ್ರ ತೆಳು ಪದರವಾಗಿ ಬಣ್ಣವಿದ್ದು ಉಳಿದದ್ದು ಬಿಳಿಯಾಗಿದ್ದರೆ, ಉಗುರಿಗೆ ಏಳದಿದ್ದರೆ, ಅದು ಬೆಳ್ಳಿಯ ಬಣ್ಣ.

ಚರ್ಚ್ ಕಿಟಕಿಗಳ ಹೊನ್ನಿನ ಹಳದಿ ಹೆಚ್ಚಾಗಿ ಈ ಬೆಳ್ಳಿಯದ್ದೇ. ಯುರೋಪಿನಲ್ಲಿ 14ನೇ ಶತಮಾನದ ಆರಂಭದಿಂದ ಈ ಕೈಚಳಕ ನಡೆದಿದೆ. ಬೆಳ್ಳಿಯ ಲವಣವನ್ನು ಕಾವಿಮಣ್ಣಿನಲ್ಲಿ ಕಲಸಿ ಗಾಜಿಗೆ ಬಳಿದು 600 ಡಿಗ್ರಿ ಸುತ್ತ ಸುಡುತ್ತಾರೆ. ಬೆಳ್ಳಿಯ ಅಯಾನು ಗಾಜಿನೊಳಗಿನ ಸೋಡಿಯಂ ಅನ್ನು ಹೊರದಬ್ಬಿ ಒಳಗೆ ಹೊಕ್ಕು, ಅಲ್ಲಿ ಲೋಹದ ಅತಿ ಸಣ್ಣ ಕಣಗಳಾಗಿ ಕೂರುತ್ತದೆ. ಆರಿದ ಮೇಲೆ ಮಣ್ಣನ್ನು ತೊಳೆದರೆ ಹಳದಿ ಗಾಜಿನೊಳಗೇ ಉಳಿದಿರುತ್ತದೆ. ಇಲ್ಲಿ ಬಣ್ಣ ಕೊಡುವುದು ಆಕ್ಸೈಡ್ ಅಲ್ಲ, ಲೋಹವೇ. ಈಗಿನ ಕಿಟಕಿ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಮಾಡುತ್ತಾರೆ. ತವರ ತಾಗಿದ ಮೈಗೆ ಬೆಳ್ಳಿ ಬಳಿದರೆ ಹಳದಿಯ ಬದಲು ಗಾಢ ಅಂಬರ್ ಬರುತ್ತದೆ. ಯಾರಿಂದಾದರೂ ಮಾಡಿಸುವುದಾದರೆ ಯಾವ ಮೈ ಎಂದು ಮೊದಲೇ ಮಾತಾಡಿ. ಕಿರು ಅಲೆಯ (254 ನ್ಯಾನೊಮೀಟರ್) ಅತಿನೇರಳೆ ದೀಪವನ್ನು ಓರೆಯಾಗಿ ಬಿಟ್ಟರೆ ತವರದ ಮೈ ಮಾತ್ರ ಹಾಲಿನಂತೆ ಮಸುಕಾಗಿ ಬೆಳಗುತ್ತದೆ, ಖೋಟಾ ನೋಟಿನ ಟಾರ್ಚು ಇದಕ್ಕೆ ಸಾಲದು.

ಪ್ರಶ್ನೆ: ಹೋಂಸ್ಟೇಗೆ ಬಿಯರ್ ಸೀಸೆ ಚಪ್ಪಟೆ ಮಾಡಿ ತಟ್ಟೆ ಮಾಡುತ್ತಿದ್ದೇನೆ. ಕೆಲವು ಸೀಳುತ್ತವೆ, ಕೆಲವಕ್ಕೆ ಬಿಳಿ ಪೊರೆ. ಚೂರುಗಳನ್ನು ಪುಡಿಮಾಡಿ ಅಚ್ಚಿನಲ್ಲಿ ಕರಗಿಸಿದರೆ ಬಣ್ಣ ಹೋಗಿ ನೊರೆಯಾಯಿತು.
– ಓದುಗರು, ಕುಶಾಲನಗರ

ನೊರೆಗೆ ಕಾರಣ ಮೇಲೆ ಹೇಳಿದ ಸಲ್ಫೈಡೇ. ಇಡೀ ಸೀಸೆಯಲ್ಲಿ ಗಾಳಿ ತಾಗುವುದು ಹೊರಮೈಗೆ ಮಾತ್ರ, ಒಳಗಿನ ಬಣ್ಣ ಭದ್ರ. ಪುಡಿಯಲ್ಲಿ ಪ್ರತಿ ಕಣದ ಸುತ್ತಲೂ ಗಾಳಿ. ಸಲ್ಫೈಡ್ ಉರಿದು ಸಲ್ಫರ್ ಡೈಆಕ್ಸೈಡ್ ಆಗಿ ಅಲ್ಲೇ ಗುಳ್ಳೆ ಕಟ್ಟುತ್ತದೆ, ಬಣ್ಣವೂ ಅದರೊಂದಿಗೆ ಹೋಗುತ್ತದೆ. ಪುಡಿ ಬಿಡಿ, ಹೆಬ್ಬೆರಳಿನಷ್ಟು ದೊಡ್ಡ ಚೂರು ಬಳಸಿ. ಬಿಳಿ ಸೀಸೆಯ ಚೂರಿನೊಂದಿಗೆ ಬೆರೆಸಲೇಬೇಡಿ, ಅದರ ಸಲ್ಫೇಟ್ ಇದರ ಸಲ್ಫೈಡ್‌ಗೆ ತಾಗಿದಲ್ಲಿ ಮತ್ತೆ ಗುಳ್ಳೆ. ಕಾರ್ಖಾನೆಗಳು ಗುಜರಿ ಗಾಜನ್ನು ಬಣ್ಣದ ಪ್ರಕಾರ ಬೇರೆ ಮಾಡಿಸುವುದಕ್ಕೆ ಇದೂ ಒಂದು ಕಾರಣ.

ಬಿಳಿ ಪೊರೆ ಎಂದರೆ ಗಾಜು ಮೈಮೇಲೆ ಹರಳುಗಟ್ಟಿದೆ. ಬೆರಳಿನ ಜಿಡ್ಡು, ಲೇಬಲ್ಲಿನ ಅಂಟು ಇದ್ದಲ್ಲಿ ಮೊದಲು ಶುರುವಾಗುತ್ತದೆ. ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಅಂಚು ಹಿಡಿದು ಇಡಿ. 700ರಿಂದ 800 ಡಿಗ್ರಿ ನಡುವೆ ಹೆಚ್ಚು ಹೊತ್ತು ಅಡ್ಡಾಡಬೇಡಿ.

ಸೀಳುವುದು ಬಿಸಿ ಇಳಿಸುವಾಗಿನ ಅವಸರಕ್ಕೆ. ಮುಚ್ಚಳ ತೆಗೆದಿರಬೇಕು. ಗಂಟೆಗೆ 150 ಡಿಗ್ರಿಯಂತೆ 540ಕ್ಕೆ ಏರಿಸಿ ಹತ್ತು ನಿಮಿಷ ನಿಲ್ಲಿಸಿ. ಅಲ್ಲಿಂದ ಗಂಟೆಗೆ 200ರಂತೆ 780-790ಕ್ಕೆ ಹೋಗಿ ಹತ್ತು-ಹದಿನೈದು ನಿಮಿಷ. ಸೀಸೆ ಚಪ್ಪಟೆಯಾದದ್ದು ಕಿಂಡಿಯಲ್ಲಿ ಕಾಣುತ್ತಲೇ ಬೇಗ 545ಕ್ಕೆ ಇಳಿಸಿ, ಅಲ್ಲಿ ಒಂದು ಗಂಟೆ. ಮುಂದೆ ಗಂಟೆಗೆ 60ರಂತೆ 370ರವರೆಗೆ. ಆಮೇಲೆ ಸ್ವಿಚ್ ಆರಿಸಿ ಬಿಡಿ. ತಳ ದಪ್ಪ, ಕತ್ತು ತೆಳು. ಎರಡೂ ಒಂದೇ ಬಿಸಿಗೆ ಬರಲು ಆ ಒಂದು ಗಂಟೆ ಬೇಕೇ ಬೇಕು. ಮೀಟರು 50 ಡಿಗ್ರಿಗಿಂತ ಕೆಳಗೆ ಬರುವ ತನಕ ಬಾಗಿಲು ತೆಗೆಯಬೇಡಿ, ಹೊರಗೆ ಮಳೆಯ ತಂಪಿದ್ದರೆ ಬೆಳಗಿನ ತನಕ ಕಾಯಿರಿ.